ಆವಾರಾ ಸಿನಿಮಾದ ಅಮ್ಮ ನಿಜಕ್ಕೂ ಧಾರವಾಡದವರಾ?

ಕೇಳಿದವರು: ಮಲಾಡ್ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮನೆಯಲ್ಲಿ ಒಂದು ವಾರದಿಂದ ವಾದ ನಡೆಯುತ್ತಿದೆ, ಯಾರಾದರೂ ಬಗೆಹರಿಸಿಕೊಡಿ.

ನಾವಿರುವುದು ಮಲಾಡಿನಲ್ಲಿ. ನಾನು ಹಾಸನದ ಕಡೆಯವಳು, ಗಂಡನ ಮನೆ ಧಾರವಾಡ. ಅತ್ತೆಗೆ 84 ವರ್ಷ, ಮಳೆಗಾಲ ಮುಗಿದ ಮೇಲೆ ಎರಡು ತಿಂಗಳು ನಮ್ಮ ಜೊತೆ ಇರೋಕೆ ಬರುತ್ತಾರೆ. ಬಂದರೆ ಟೀವಿ ಅವರದ್ದೇ. ಧಾರಾವಾಹಿ ಬೇಡ, ಸುದ್ದಿ ಬೇಡ, ಹಳೆಯ ಕಪ್ಪು ಬಿಳುಪು ಹಿಂದಿ ಸಿನಿಮಾ ಮಾತ್ರ. ಕಳೆದ ಭಾನುವಾರ ಆವಾರಾ ಬರುತ್ತಿತ್ತು. ಗಂಡ ಮನೆಯಿಂದ ಹೊರಗೆ ಹಾಕಿದ ಬಸುರಿ ಹೆಂಗಸು ಮಳೆಯಲ್ಲಿ ಬೀದಿಯಲ್ಲೇ ಹೆರುತ್ತಾಳಲ್ಲ, ಆ ಭಾಗ. ಅತ್ತೆ ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತಿದ್ದವರು ತಲೆ ಎತ್ತಿ, "ಈಕಿ ನಮ್ಮ ಧಾರವಾಡದಾಕಿ. ನಮ್ಮವ್ವ ಹೇಳತಿದ್ಲು" ಅಂದರು. ನನ್ನ ಗಂಡ ಬಿದ್ದು ಬಿದ್ದು ನಕ್ಕರು. "ಅವ್ವಾ, ನಿನಗ ಚಲೋ ಇದ್ದವರೆಲ್ಲಾ ಧಾರವಾಡದವರ" ಅಂತ. ಅತ್ತೆ ಆಮೇಲೆ ಮಾತೇ ಆಡಲಿಲ್ಲ, ರಾತ್ರಿ ಊಟಕ್ಕೂ ಅರ್ಧ ಭಕ್ರಿ ಸಾಕು ಅಂದರು.

ನಾನು ಪಾಪ ಅನ್ನಿಸಿ ಮೊಬೈಲಿನಲ್ಲಿ ಹುಡುಕಿದೆ. ಹೆಸರು ಲೀಲಾ ಚಿಟ್ನಿಸ್. ನನಗೆ ಆಕೆ ಅಂದರೆ ಬಿಳಿ ಸೀರೆ, ಕೆಮ್ಮು, ಹೊಲಿಗೆ ಮಷೀನು, "ಬೇಟಾ" ಅಂತ ಅಳೋದು, ಅಷ್ಟೇ. ಆದರೆ ಒಂದು ಹಳೆಯ ಲಕ್ಸ್ ಸೋಪಿನ ಜಾಹೀರಾತಿನ ಫೋಟೋ ಸಿಕ್ಕಿತು ನೋಡಿ, ಅದೇ ಹೆಂಗಸು ಅಂತ ನಂಬೋಕೇ ಆಗಲಿಲ್ಲ. ಎಷ್ಟು ಚೆಂದದ ಕಣ್ಣು! ಬಾಂಬೆ ಟಾಕೀಸಿನ ದೊಡ್ಡ ಹೀರೋಯಿನ್ ಆಗಿದ್ದರಂತೆ. ಬಾಂಬೆ ಟಾಕೀಸ್ ಇದ್ದದ್ದು ನಮ್ಮ ಮಲಾಡಿನಲ್ಲೇ ಅಲ್ವಾ? ನಾನು ರಿಕ್ಷಾದವನಿಗೆ ಬಾಂಬೆ ಟಾಕೀಸ್ ಕಾಂಪೌಂಡ್ ಅಂತ ಎಷ್ಟು ಸಲ ಹೇಳಿದ್ದೇನೆ, ಅದು ಸಿನಿಮಾ ಕಂಪನಿಯ ಹೆಸರು ಅಂತ ಒಂದು ದಿನವೂ ತಲೆಗೆ ಹೋಗಿರಲಿಲ್ಲ.

ಹಾಗಾದರೆ ಧಾರವಾಡದ ಮಾತು ನಿಜಾನಾ? ಅಷ್ಟು ದೊಡ್ಡ ಹೀರೋಯಿನ್ ಇದ್ದಕ್ಕಿದ್ದ ಹಾಗೆ ಅಳುವ ಅಮ್ಮ ಆಗಿದ್ದು ಹೇಗೆ? ಗೊತ್ತಿದ್ದವರು ಬರೆಯಿರಿ. ಅತ್ತೆಗೆ ಓದಿ ಹೇಳಬೇಕು.


ಉತ್ತರ: ಲಾ ಕಾಲೇಜ್ ರಸ್ತೆ, ಪುಣೆ

ನಿಮ್ಮ ಅತ್ತೆ ಗೆದ್ದರು. ಗಂಡನ ಕೈಯಲ್ಲಿ ತಪ್ಪು ಒಪ್ಪಿಸಿ, ಆಮೇಲೆ ಮುಂದೆ ಓದಿ.

ಲೀಲಾ ಹುಟ್ಟಿದ್ದು 1909ರ ಸೆಪ್ಟೆಂಬರ್ 9ರಂದು, ಧಾರವಾಡದಲ್ಲಿ. ತವರಿನ ಹೆಸರು ನಗರಕರ್. ತಂದೆ ಇಂಗ್ಲಿಷ್ ಸಾಹಿತ್ಯದ ಪ್ರೊಫೆಸರ್. ಚಿಟ್ನಿಸ್ ಅನ್ನೋದು ಗಂಡನ ಕಡೆಯಿಂದ ಬಂದದ್ದು. (ಮರಾಠಿಯಲ್ಲಿ ಚಿಟಣೀಸ ಅಂತ ಬರೆಯುತ್ತಾರೆ, ಪತ್ರ ವ್ಯವಹಾರ ನೋಡಿಕೊಳ್ಳುವವನು ಅಂತ ಅರ್ಥ. ನಮ್ಮ ಕಡೆ ಕಲೆಕ್ಟರ್ ಕಚೇರಿಯಲ್ಲೂ ಚಿಟ್ನೀಸ ಅಂತ ಹುದ್ದೆ ಇತ್ತು, ನಿಮ್ಮ ಅತ್ತೆಗೆ ಗೊತ್ತಿರುತ್ತದೆ.)

ಹದಿನೈದು ಹದಿನಾರರ ವಯಸ್ಸಿಗೆ ತನಗಿಂತ ತುಂಬಾ ದೊಡ್ಡವರಾದ ಡಾಕ್ಟರ್ ಗಜಾನನ ಚಿಟ್ನಿಸ್ ಜೊತೆ ಮದುವೆ. ನಾಲ್ಕು ಮಕ್ಕಳು. ಗಂಡ ಹೆಂಡತಿ ಇಬ್ಬರೂ ಸ್ವಾತಂತ್ರ್ಯ ಹೋರಾಟದ ಪರ, ಒಂದು ಸಲ ಕ್ರಾಂತಿಕಾರಿ ಎಂ. ಎನ್. ರಾಯ್ ಅವರನ್ನು ಮನೆಯಲ್ಲಿ ಅಡಗಿಸಿಟ್ಟು ಜೈಲಿಗೆ ಹೋಗುವ ಹತ್ತಿರ ಬಂದಿದ್ದರು. ಆಮೇಲೆ ಮದುವೆ ಮುರಿಯಿತು. ಆ ಕಾಲದ ವಿಚ್ಛೇದನ ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಮಕ್ಕಳ ಹೊಟ್ಟೆ ತುಂಬಬೇಕಲ್ಲ, ಶಾಲೆಯಲ್ಲಿ ಟೀಚರ್ ಆದರು. ಜೊತೆಗೆ ನಾಟಕ.

ಈ ನಾಟಕದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಎಲ್ಲರೂ ಇದನ್ನು ಹಾರಿಸಿ ನೇರ ಸಿನಿಮಾಕ್ಕೆ ಹೋಗಿಬಿಡುತ್ತಾರೆ. ಆಗ ಮರಾಠಿ ರಂಗಭೂಮಿ ಅಂದರೆ ಸಂಗೀತ ನಾಟಕ, ಬಾಲಗಂಧರ್ವರು ಸೀರೆ ಉಟ್ಟು ಹಾಡಿದರೆ ಜನ ಹುಚ್ಚಾಗುತ್ತಿದ್ದ ಕಾಲ. ಮರ್ಯಾದಸ್ಥ ಮನೆಯ ಹೆಂಗಸು ರಂಗ ಹತ್ತುವುದು ಅಂದರೆ ಊರೆಲ್ಲ ಮಾತು. ಅದರ ನಡುವೆ ನಾಟ್ಯಮನ್ವಂತರ ಅಂತ ಒಂದು ಹೊಸ ತಂಡ ಬಂತು. ಇಬ್ಸನ್, ಷಾ ಅಂಥ ಯುರೋಪಿನ ನಾಟಕಕಾರರನ್ನೆಲ್ಲ ಓದಿಕೊಂಡವರು, ಹಾಡು ಕಡಿಮೆ ಮಾಡಿ ಮನೆಯೊಳಗಿನ ಮಾತನ್ನೇ ರಂಗಕ್ಕೆ ತಂದವರು. ಲೀಲಾ ಅಲ್ಲಿ ಪಾತ್ರ ಮಾಡಿದರು. 1934ರಲ್ಲಿ ಉಸನಾ ನವರಾ ಅನ್ನುವ ಹಾಸ್ಯ ನಾಟಕ. ಹೆಸರಿನ ಅರ್ಥ ಗೊತ್ತಲ್ಲ, ಕಡ ತಂದ ಗಂಡ! ಹಾಗಾಗಿ ಆಕೆ ಶುರು ಮಾಡಿದ್ದು ಅಳುವುದರಿಂದ ಅಲ್ಲ, ನಗಿಸುವುದರಿಂದ.

ಸಿನಿಮಾದಲ್ಲಿ ಮೊದಲು ಗುಂಪಿನಲ್ಲಿ ನಿಲ್ಲುವ ಎಕ್ಸ್‌ಟ್ರಾ ಕೆಲಸವೂ ಮಾಡಿದ್ದಾರೆ. 1937ರಲ್ಲಿ ಜಂಟಲ್‌ಮನ್ ಡಾಕು ಅಂತ ಒಂದು ಸಿನಿಮಾ, ಅದರಲ್ಲಿ ಗಂಡು ವೇಷ. ಅದಕ್ಕೆ ಪತ್ರಿಕೆಯಲ್ಲಿ ಬಂದ ಜಾಹೀರಾತಿನಲ್ಲಿ, ಮಹಾರಾಷ್ಟ್ರದಿಂದ ತೆರೆಗೆ ಬಂದ ಮೊದಲ ಪದವೀಧರೆ ಗೃಹಸ್ಥ ಮನೆತನದ ಹೆಂಗಸು ಅನ್ನುವ ಹಾಗೆ ಹಾಕಿದ್ದರು. ಧಾರವಾಡದ ಹುಡುಗಿ ಮಹಾರಾಷ್ಟ್ರದ ಲೆಕ್ಕಕ್ಕೆ ಸೇರಿದ್ದು ಅಲ್ಲೇ, ಹಹ.

ಅದೇ ವರ್ಷ ನಮ್ಮ ಪುಣೆಗೆ ಬಂದರು. ಪ್ರಭಾತ್ ಫಿಲ್ಮ್ ಕಂಪನಿಯ ವಹಾಂ, ನಿರ್ದೇಶಕ ಕೆ. ನಾರಾಯಣ ಕಾಳೆ, ಅವರೂ ಅದೇ ನಾಟಕ ತಂಡದವರು. ಪ್ರಭಾತ್ 1933ರಲ್ಲಿ ಕೊಲ್ಹಾಪುರದಿಂದ ಪುಣೆಗೆ ಬಂದಿತ್ತು. ಆ ಜಾಗದಲ್ಲೇ ಈಗ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. ನಾನು ದಿನಾ ಅದರ ಗೇಟಿನ ಮುಂದೆ ಗಾಡಿ ಓಡಿಸಿಕೊಂಡು ಆಫೀಸಿಗೆ ಹೋಗುತ್ತೇನೆ. 1974ರಲ್ಲಿ ನಮ್ಮ ಕಾರ್ನಾಡರು ಅಲ್ಲಿ ನಿರ್ದೇಶಕರಾಗಿ ಕೂತಿದ್ದರು, ಅವರೂ ಧಾರವಾಡ. ಧಾರವಾಡದವರಿಗೂ ಆ ಕಾಂಪೌಂಡಿಗೂ ಏನೋ ಋಣ.

ಆಮೇಲೆ 1939ರಲ್ಲಿ ಮುಂಬೈಯ ರಂಜಿತ್ ಮೂವಿಟೋನಿನ ಸಂತ ತುಳಸಿದಾಸ್. ಅದೇ ವರ್ಷ ಬಾಂಬೆ ಟಾಕೀಸಿನ ಕಂಗನ್, ಅಶೋಕ್ ಕುಮಾರ್ ಜೊತೆ. ಅಲ್ಲಿವರೆಗೆ ಬಾಂಬೆ ಟಾಕೀಸ್ ಅಂದರೆ ದೇವಿಕಾರಾಣಿ. ಆ ಕುರ್ಚಿಯಲ್ಲಿ ಈಕೆಯನ್ನು ಕೂರಿಸಿದರು. ಕಂಗನ್‌ನಲ್ಲಿ ಆಕೆ ಪೂಜಾರಿಯ ಸಾಕುಮಗಳು, ಜಮೀನ್ದಾರನ ಮಗನನ್ನು ಪ್ರೀತಿಸುವವಳು. ಸಿನಿಮಾ ಭರ್ಜರಿ ಓಡಿತು. ನಿರ್ದೇಶಕ ಫ್ರಾಂಜ್ ಓಸ್ಟನ್ ಜರ್ಮನಿಯವರು, ಶೂಟಿಂಗ್ ನಡೆಯುತ್ತಿರುವಾಗಲೇ ಯುದ್ಧ ಶುರುವಾಗಿ ಬ್ರಿಟಿಷರು ಅವರನ್ನು ಹಿಡಿದುಕೊಂಡು ಹೋದರು. ಅದರ ಹಿಂದೆಯೇ 1940ರಲ್ಲಿ ಆಜಾದ್, ಬಂಧನ್, 1941ರಲ್ಲಿ ಝೂಲಾ, ಅಂದರೆ ಉಯ್ಯಾಲೆ. ಮೂರಕ್ಕೂ ಅಶೋಕ್ ಕುಮಾರ್ ಹೀರೋ.

ಮಲಾಡಿನ ಮಾತು ನಿಜ. 1934ರಲ್ಲಿ ಹಿಮಾಂಶು ರಾಯ್, ದೇವಿಕಾರಾಣಿ ಕಟ್ಟಿದ ಸ್ಟುಡಿಯೋ ಅಲ್ಲೇ ಇತ್ತು. ನಿಮ್ಮ ರಿಕ್ಷಾ ನಿಲ್ಲುವುದು ಅಲ್ಲೇ.


ಉತ್ತರ: ಠಾಣೆ ಸ್ಲೋ ಲೋಕಲ್

ಮಾಹಿತಿ ಚೆನ್ನಾಗಿದೆ, ಆದರೆ ಒಂದು ಮಾತು. ಧಾರವಾಡದಲ್ಲಿ ಹುಟ್ಟಿದ್ದಕ್ಕೆ "ನಮ್ಮವರು" ಅಂತ ಕುಣಿಯೋದು ನನಗೆ ಸರಿ ಕಾಣೋಲ್ಲ. ಮನೆಮಾತು ಮರಾಠಿ, ನಾಟಕ ಮರಾಠಿ, 1981ರಲ್ಲಿ ಬಂದ ಆತ್ಮಕಥೆ ಚಂದೇರಿ ದುನಿಯೇತ್ ಅದೂ ಮರಾಠಿ. ಕನ್ನಡಕ್ಕೂ ಆಕೆಗೂ ಏನು ಸಂಬಂಧ ಸ್ವಾಮಿ? ನಾಳೆ ಠಾಣೆಯಲ್ಲಿ ಹುಟ್ಟಿದ ನನ್ನ ಮಗನನ್ನು ಇಲ್ಲಿಯವರು ನಮ್ಮವನು ಅಂದರೆ ನೀವೇ ಗಲಾಟೆ ಮಾಡುತ್ತೀರಿ.

ನಿಜವಾದ ನಮ್ಮವರು ಬೇಕಾ? ಶಾಂತಾ ಹುಬ್ಳೀಕರ್ ಹೆಸರು ಹೇಳಿ. ಹುಬ್ಬಳ್ಳಿ ಹತ್ತಿರದ ಅದರಗುಂಚಿ, ನಿಜ ಹೆಸರು ರಾಜಮ್ಮ. ಪ್ರಭಾತಿನಲ್ಲಿ ನಿರ್ದೇಶಕ ಶಾಂತಾರಾಂ 1939ರಲ್ಲಿ ಮಾಡಿದ ಮಾಣೂಸ್, ಹಿಂದಿಯಲ್ಲಿ ಆದ್ಮಿ, ಅದರ ನಾಯಕಿ. ಅದರಲ್ಲಿ ನಾಳೆಯ ಮಾತು ಯಾಕೆ ಅಂತ ಒಂದು ಹಾಡಿದೆ, ನಾಲ್ಕಾರು ಭಾಷೆಯಲ್ಲಿ ಬರುತ್ತದೆ, ಮಹಾರಾಷ್ಟ್ರದಲ್ಲಿ ಹಳಬರನ್ನು ಕೇಳಿ, ಈಗಲೂ ಗುನುಗುತ್ತಾರೆ. ಈಕೆ 1942ರಲ್ಲಿ ಗುಬ್ಬಿ ಕಂಪನಿಯವರ ಜೀವನ ನಾಟಕ ಅಂತ ಕನ್ನಡ ಸಿನಿಮಾದಲ್ಲೂ ನಾಯಕಿ. ಇಲ್ಲವಾದರೆ ಬೀಳಗಿಯ ಗಾಯಕಿ ಅಮೀರ್‌ಬಾಯಿ ಕರ್ನಾಟಕಿ. ಹೆಸರಿನಲ್ಲೇ ಊರು ಹೊತ್ತುಕೊಂಡು ಹೋದವರು. 1943ರ ಕಿಸ್ಮತ್ ಸಿನಿಮಾದ ಹಾಡುಗಳು ಅವರವು. ಇವರಿಬ್ಬರ ಬಗ್ಗೆ ಯಾರೂ ಕೇಳೋಲ್ಲ, ಚಿಟ್ನಿಸ್ ಬಗ್ಗೆ ಇಷ್ಟುದ್ದ. ಸಿಟ್ಟಿಲ್ಲ, ಹೇಳಿದೆ ಅಷ್ಟೆ.


ಉತ್ತರ: ಮಾಟುಂಗಾ ಹಳಬ

ಠಾಣೆಯವರೇ, ನಿಧಾನ. ನಿಮ್ಮ ಲೋಕಲ್ ಹಾಗೇ ಹೋಗಲಿ.

ಮನೆಮಾತು ಮರಾಠಿ ಅಂತ ಹೊರಗೆ ಇಟ್ಟರೆ ಮೊದಲು ಬೇಂದ್ರೆಯವರನ್ನು ಹೊರಗೆ ಇಡಬೇಕಾಗುತ್ತದೆ. ಅವರ ಮನೆಮಾತೂ ಮರಾಠಿಯೇ. ಆ ಕಾಲದ ಧಾರವಾಡ ಮುಂಬೈ ಪ್ರಾಂತ್ಯದ ಊರು. ಶಾಲೆ, ಕಚೇರಿ, ನಾಟಕ ಎಲ್ಲಾ ಕಡೆ ಮರಾಠಿಯ ಜೋರು. ಅದಕ್ಕೇ ಅಲ್ಲವೇ 1890ರಲ್ಲೇ ಅಲ್ಲಿ ವಿದ್ಯಾವರ್ಧಕ ಸಂಘ ಕಟ್ಟಿದ್ದು. 1956ರಲ್ಲಿ ಗಡಿ ಗೆರೆ ಬಿದ್ದ ಮೇಲೆ ನಾವು ನೀವು ಅಂತ ಪಾಲು ಮಾಡಿಕೊಂಡೆವು. ಅದೇ ಧಾರವಾಡದಲ್ಲಿ 1913ರಲ್ಲಿ ಗಂಗೂಬಾಯಿ ಹಾನಗಲ್ ಹುಟ್ಟಿದರು. ಆ ಊರಿನ ಮಣ್ಣಿಗೆ ಆಗ ಏನೋ ಹದ ಬಂದಿತ್ತು. ನಮ್ಮವರು ಅನ್ನುವುದು ಬೇಡ, ಆಯಿತು. ನಮ್ಮ ಊರಿನವರು ಅನ್ನೋಣ, ಸಾಕಲ್ಲ? ಹುಬ್ಳೀಕರ್, ಅಮೀರ್‌ಬಾಯಿ ಬಗ್ಗೆ ನೀವು ಹೇಳಿದ್ದು ಸರಿ, ಅವರದ್ದು ಇನ್ನೊಂದು ದಿನ ಕೂತು ಮಾತಾಡೋಣ.

ಈಗ ನನ್ನ ಕತೆ. ನಾನು 1962ರಲ್ಲಿ ಉಡುಪಿ ಕಡೆಯಿಂದ ಬಂದವನು, ವಯಸ್ಸು ಹದಿನಾಲ್ಕು. ಹಗಲು ಕೋಟೆ, ಅಂದರೆ ಮುಂಬೈಯ ಫೋರ್ಟ್ ಕಡೆಯ ಒಂದು ಹೋಟೆಲಿನಲ್ಲಿ ಕಪ್ಪು ತೊಳೆಯುವ ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ. ವಾರದ ರಜೆಯ ದಿನ ಸಿನಿಮಾ, ಅದೂ ಮ್ಯಾಟಿನಿಯಲ್ಲಿ ಬರುವ ಹಳೆಯದು, ಟಿಕೆಟ್ ಕಡಿಮೆ ಅಂತ. ಹಿಂದಿ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ಲೀಲಾ ಚಿಟ್ನಿಸ್ ಬಂದರೆ ಭಾಷೆ ಬೇಕಾಗಿರಲಿಲ್ಲ.

ಕಾಲಾ ಬಾಜಾರ್ ಅಂತ 1960ರ ಸಿನಿಮಾ. ದೇವ್ ಆನಂದ್ ಬ್ಲ್ಯಾಕಿನಲ್ಲಿ ಸಿನಿಮಾ ಟಿಕೆಟ್ ಮಾರಿ ದುಡ್ಡು ಮಾಡುತ್ತಾನೆ. ಮನೆಯಲ್ಲಿ ಅಮ್ಮ, ಅಂದರೆ ಈಕೆ, ದೇವರ ಮುಂದೆ ಕೂತು ಧನ ಬೇಡ ಅಂತ ಭಜನೆ ಹೇಳುತ್ತಾಳೆ. ಎಸ್. ಡಿ. ಬರ್ಮನ್ ಸಂಗೀತ. ನಾನು ಊರಿಗೆ ಮನಿಯಾರ್ಡರ್ ಮಾಡಿ ನೇರ ಥಿಯೇಟರಿಗೆ ಬಂದಿದ್ದೆ. ನಮ್ಮ ಅಮ್ಮನಿಗೆ ಸಿನಿಮಾ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ, ಆದರೂ ಆ ಪರದೆಯ ಮೇಲೆ ಕೂತಿದ್ದು ಅವಳೇ. ಕೂತ ಭಂಗಿ, ಸೆರಗು ತಲೆಯ ಮೇಲೆ ಎಳೆದುಕೊಳ್ಳುವ ರೀತಿ, ಎಲ್ಲಾ. ಪಕ್ಕದಲ್ಲಿದ್ದ ನಮ್ಮ ಹೋಟೆಲಿನ ಭಟ್ಟರು ಪಂಚೆಯಲ್ಲಿ ಮೂಗು ಒರೆಸಿಕೊಂಡರು, ಹೊರಗೆ ಬಂದ ಮೇಲೆ ನೆಗಡಿ ಅಂದರು.

ಸೊಸೆಯವರು "ಅಳುವ ಅಮ್ಮ" ಅಂದದ್ದಕ್ಕೆ ಸ್ವಲ್ಪ ತಕರಾರು ಇದೆ. ಅಳುವುದಕ್ಕೂ ಒಂದೊಂದು ಬಗೆ ಉಂಟು. ಗಂಗಾ ಜಮುನಾದಲ್ಲಿ ಗೋವಿಂದಿ ಅಂತ ಬಡ ವಿಧವೆ, ಮೇಲೆ ಕಳ್ಳತನದ ಸುಳ್ಳು ಆರೋಪ. ಅಲ್ಲಿ ಅಳುವುದು ಅವಮಾನಕ್ಕೆ. ಗೈಡ್‌ನಲ್ಲಿ ರಾಜುವಿನ ಅಮ್ಮ, ಮಗ ಇನ್ನೊಬ್ಬನ ಹೆಂಡತಿಯನ್ನು ಮನೆಗೆ ತಂದು ಇಟ್ಟುಕೊಂಡಾಗ ತಾನೇ ಮನೆ ಬಿಟ್ಟು ಹೊರಡುತ್ತಾಳೆ. ಅಲ್ಲಿ ಕಣ್ಣೀರಿಗಿಂತ ಹಟ ಜಾಸ್ತಿ. ಕತೆ ನಮ್ಮ ಮೈಸೂರಿನಲ್ಲಿ ಬಾಳಿದ ಆರ್. ಕೆ. ನಾರಾಯಣ್ ಅವರದ್ದು, ಗೊತ್ತಲ್ಲ. ಹಮ್ ದೋನೋಂ ಸಿನಿಮಾದಲ್ಲೂ ದೇವ್ ಆನಂದ್ ತಾಯಿ ಈಕೆಯೇ. ಮಗ ಸೈನ್ಯಕ್ಕೆ ಹೋಗುತ್ತಾನೆ, ಕಾಯುವ ತಾಯಿ.

ಕಣ್ಣಿನ ಬಗ್ಗೆ ಹೇಳಿದಿರಿ. ಕಣ್ಣಿನಲ್ಲಿ ಮಾತಾಡುವುದನ್ನು ತಾನು ಕಲಿತದ್ದು ಲೀಲಾ ಅವರಿಂದ ಅಂತ ಅಶೋಕ್ ಕುಮಾರ್ ಅವರೇ ಒಪ್ಪಿಕೊಂಡಿದ್ದರು. ಎಲ್ಲರೂ ದಾದಾಮೋನಿ ಅಂತ ಕರೆಯುತ್ತಿದ್ದ ಅಂಥವರು ಹೇಳುವ ಮಾತು ಅದು.


ಉತ್ತರ: ವಾಸ್ಕೋದಿಂದ

ಆ ಭಟ್ಟರ ನೆಗಡಿ 😄. ನಮ್ಮಪ್ಪನಿಗೂ ಅದೇ ನೆಗಡಿ ಇತ್ತು, ಆವಾರಾ ಬಂದಾಗಲೆಲ್ಲ ಬರುತ್ತಿತ್ತು.

ಒಂದು ಪ್ರಶ್ನೆ. ಲಕ್ಸ್ ಜಾಹೀರಾತು ಮೊದಲು ಮಾಡಿದ ಭಾರತದ ನಟಿ ಈಕೆಯೇ ಅಂತ ಕ್ವಿಜ್ಜಿನಲ್ಲಿ ಕೇಳಿದ್ದರು, ನಾನು ದೇವಿಕಾರಾಣಿ ಅಂತ ಬರೆದು ಸೋತೆ. ನಿಜಾನಾ?


ಉತ್ತರ: ಅಂಧೇರಿ ಕಾಪಿರೈಟರ್

ನಿಜ, ವಾಸ್ಕೋ. 1941. ಅಲ್ಲಿವರೆಗೆ ಲಕ್ಸ್ ಅಂದರೆ ಹಾಲಿವುಡ್ ಮುಖಗಳು. ನಾನು ಜಾಹೀರಾತು ಬರೆದೇ ಹೊಟ್ಟೆ ಹೊರೆಯುವವಳು, ಹಾಗಾಗಿ ಇದರಲ್ಲಿ ನನಗೆ ಕುತೂಹಲ ಜಾಸ್ತಿ. ಲೆಕ್ಕ ಹಾಕಿ ನೋಡಿ. 1941ರಲ್ಲಿ ಆಕೆಗೆ 31, 32. ನಾಲ್ಕು ಮಕ್ಕಳ ತಾಯಿ. ಗಂಡನನ್ನು ಬಿಟ್ಟವರು. ಇವತ್ತು ಒಂದು ಸೋಪಿನ ಮೀಟಿಂಗಿನಲ್ಲಿ ನಾನು ಇಂಥ ಹೆಸರು ಎತ್ತಿದರೆ ಎದುರಿಗೆ ಕೂತವರು ಮುಖ ಮುಖ ನೋಡಿಕೊಳ್ಳುತ್ತಾರೆ, ಇನ್ನೊಂದು ಹೆಸರು ಹೇಳಿ ಮೇಡಂ ಅನ್ನುತ್ತಾರೆ. ಎಂಬತ್ತು ವರ್ಷದ ಹಿಂದೆ ಅದು ಆಗಿ ಹೋಗಿತ್ತು.

ಸೊಸೆಯವರ ಕೊನೆಯ ಪ್ರಶ್ನೆಗೆ ಇನ್ನೂ ಯಾರೂ ನೆಟ್ಟಗೆ ಉತ್ತರ ಕೊಟ್ಟಿಲ್ಲ, ಹೀರೋಯಿನ್ ಅಮ್ಮ ಆಗಿದ್ದು ಹೇಗೆ ಅಂತ. ನನಗೆ ಈ ಇಡೀ ಕತೆಯಲ್ಲಿ ಚುಚ್ಚುವುದು ಅದೇ. ನಲವತ್ತರ ದಶಕದ ನಡುವೆ ಹೊಸ ಹುಡುಗಿಯರು ಬಂದರು, ಈಕೆಗೆ ನಾಯಕಿ ಪಾತ್ರ ಬರುವುದು ಕಡಿಮೆಯಾಯಿತು. 1948ರಲ್ಲಿ ಶಹೀದ್, ಅದರಲ್ಲಿ ದಿಲೀಪ್ ಕುಮಾರ್ ತಾಯಿ. ಝೂಲಾದ ಉಯ್ಯಾಲೆಯಿಂದ ಇಳಿದು ಏಳೇ ವರ್ಷ! ಆಕೆಗೆ ಆಗ 39 ತುಂಬಿರಲಿಲ್ಲ, ಮಗನಾದ ದಿಲೀಪ್‌ಗೆ 25. 1951ರಲ್ಲಿ ಆವಾರಾ, ಈಕೆಗೆ 42, ರಾಜ್ ಕಪೂರ್‌ಗೆ 27. ರಾಜ್ ಅವರ ಸ್ವಂತ ಅಪ್ಪ ಪೃಥ್ವಿರಾಜ್ ಕಪೂರ್ ಅದರಲ್ಲಿ ಗಂಡ.

ಈಗ ಇನ್ನೊಂದು ಕಡೆ ನೋಡಿ. ಝೂಲಾದ ಹೀರೋ ಅಶೋಕ್ ಕುಮಾರ್ ಹುಟ್ಟಿದ್ದು 1911, ಈಕೆಗಿಂತ ಎರಡು ವರ್ಷ ಚಿಕ್ಕವರು ಅಷ್ಟೇ. ಈಕೆ ತಾಯಿಯಾದ ಮರುವರ್ಷ, 1949ರಲ್ಲಿ, ಅವರು ಮಹಲ್‌ನಲ್ಲಿ ಮಧುಬಾಲಾ ಜೊತೆ ಹೀರೋ. ಮಧುಬಾಲಾಗೆ ಹದಿನಾರು. 1958ರಲ್ಲಿ ಹೌರಾ ಬ್ರಿಜ್, ಆಗಲೂ ಹೀರೋ, ಆಗಲೂ ಮಧುಬಾಲಾ. ಅದೇ ವರ್ಷ ಲೀಲಾ ಸಾಧನಾ ಸಿನಿಮಾದಲ್ಲಿ ಸುನೀಲ್ ದತ್ ತಾಯಿ, ಸೊಸೆಯ ಮುಖ ನೋಡಬೇಕು ಅಂತ ಹಾಸಿಗೆ ಹಿಡಿದವಳು. ಅಶೋಕ್ ಕುಮಾರ್ ಮೇಲೆ ನನಗೇನೂ ಸಿಟ್ಟಿಲ್ಲ, ಅವರ ಧ್ವನಿ ಕೇಳಿದರೆ ನಾನೂ ಕರಗುತ್ತೇನೆ. ಆದರೆ ಒಂದೇ ಉಯ್ಯಾಲೆಯ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ವಯಸ್ಸಾಯಿತು ಅಂದರೆ ಏನು ಲೆಕ್ಕ?

ಆಮೇಲೆ ಆಕೆ ಸುಮ್ಮನೆ ಕೂರಲೂ ಇಲ್ಲ ಅನ್ನೋದನ್ನೂ ಹೇಳಬೇಕು. 1942ರಲ್ಲೇ ಕಿಸೀ ಸೇ ನ ಕಹನಾ ಅಂತ ಸಿನಿಮಾ ನಿರ್ಮಿಸಿದ್ದರು. 1955ರಲ್ಲಿ ಆಜ್ ಕಿ ಬಾತ್ ನಿರ್ದೇಶನವನ್ನೇ ಮಾಡಿದರು. ಒಂದು ಕಡೆ ಎಲ್ಲರ ಅಮ್ಮ, ಇನ್ನೊಂದು ಕಡೆ ಕ್ಯಾಮೆರಾ ಹಿಂದೆ ನಿಂತು ಕಟ್ ಅನ್ನುವವರು. ಆ ಸಿನಿಮಾವನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ, ಅಮ್ಮನನ್ನು ಮರೆಯಲಿಲ್ಲ.

ಆವಾರಾ ನೋಡುವಾಗ ನನಗೆ ಯಾವಾಗಲೂ ಒಂದು ಯೋಚನೆ ಬರುತ್ತದೆ. ಅಲ್ಲಿ ಗಂಡ ಜಡ್ಜ್. ಡಕಾಯಿತ ಎತ್ತಿಕೊಂಡು ಹೋಗಿ ನಾಲ್ಕು ದಿನದ ಮೇಲೆ ಬಿಟ್ಟ ಹೆಂಡತಿಯನ್ನು ಅನುಮಾನಿಸಿ ಹೊರಗೆ ಹಾಕುತ್ತಾನೆ. ಸೀತೆಯ ಕತೆಯೇ. ಆ ಪಾತ್ರದ ಹೆಸರೂ ಲೀಲಾ. ಒಂಟಿಯಾಗಿ ಮಕ್ಕಳನ್ನು ಸಾಕುವುದು ಅಂದರೆ ಏನು ಅಂತ ಆ ಪಾತ್ರ ಮಾಡಿದವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಸಿನಿಮಾದ ಲೀಲಾ ಕೊನೆಯವರೆಗೂ ಆ ಗಂಡನಿಗಾಗಿ ಕಾಯುತ್ತಾಳೆ. ನಿಜವಾದ ಲೀಲಾ ಕಾಯಲಿಲ್ಲ, ಶಾಲೆಗೆ ಹೋಗಿ ಪಾಠ ಮಾಡಿ ಸಂಬಳ ತಂದರು.

ಅಂದ ಹಾಗೆ, ಮಾಟುಂಗಾ ಅಜ್ಜನವರೇ, ಇನ್ನೊಬ್ಬ ಸಿನಿಮಾ ಅಮ್ಮನೂ ನಮ್ಮ ಕಡೆಯವರೇ. ಸುಲೋಚನಾ ಲಾಟ್ಕರ್, ಬೆಳಗಾವಿ ಜಿಲ್ಲೆಯ ಖಡಕಲಾಟ, 1928. ಹಿಂದಿ ಸಿನಿಮಾಕ್ಕೆ ಹೀರೋಗಳನ್ನು ಪಂಜಾಬ್ ಕೊಟ್ಟರೆ ಅಮ್ಮಂದಿರನ್ನು ಮುಂಬೈ ಕರ್ನಾಟಕ ಕೊಟ್ಟಿತು ಅಂತ ನಮ್ಮ ಆಫೀಸಿನಲ್ಲಿ ಹೇಳಿದೆ, ಯಾರೂ ನಗಲಿಲ್ಲ.


ಉತ್ತರ: ಠಾಣೆ ಸ್ಲೋ ಲೋಕಲ್

ನಾನು ನಕ್ಕೆ. ಬೇಂದ್ರೆ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ, ಅಲ್ಲಿಗೆ ನನ್ನ ವಾದ ವಾಪಸ್. ಹುಬ್ಳೀಕರ್ ಬಗ್ಗೆ ಮಾತ್ರ ಬೇರೆ ಚರ್ಚೆ ಶುರು ಮಾಡುತ್ತೇನೆ, ಬನ್ನಿ.


ಉತ್ತರ: ಮಲಾಡ್ ಸೊಸೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ.

ನಿನ್ನೆ ಸಂಜೆ ಎಲ್ಲವನ್ನೂ ಅತ್ತೆಗೆ ಓದಿ ಹೇಳಿದೆ. 1909, ಧಾರವಾಡ ಅಂತ ಓದಿದಾಗ ಏನೂ ಅನ್ನಲಿಲ್ಲ, ಮಗನ ಕಡೆ ಒಂದು ಸಲ ನೋಡಿದರು ಅಷ್ಟೇ. ನನ್ನ ಗಂಡ ತಲೆ ಬಗ್ಗಿಸಿ ಮೊಬೈಲ್ ನೋಡುತ್ತಾ ಕೂತರು. ಅಂಧೇರಿಯವರು ಬರೆದ ವಯಸ್ಸಿನ ಲೆಕ್ಕ ಓದಿದಾಗ ಮಾತ್ರ ಅತ್ತೆ, "ನಾ ಮೂವತ್ತೆಂಟಕ್ಕ ಅಜ್ಜಿ ಆದೆ. ಅದ್ರಾಗೇನೈತಿ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರ ನಿಮ್ಮ ಮಾವನ್ನ ಯಾರೂ ಅಜ್ಜಾ ಅನ್ನತಿದ್ದಿಲ್ಲ ನೋಡು" ಅಂದರು. ನಾನು ಏನು ಹೇಳಲಿ!

ಇವತ್ತು ಬೆಳಿಗ್ಗೆ ಮಿಕ್ಸರ್ ಜಾರು ರಿಪೇರಿಗೆ ಅಂತ ಅದೇ ಬಾಂಬೆ ಟಾಕೀಸ್ ಕಾಂಪೌಂಡಿಗೆ ಹೋಗಿದ್ದೆ. ಸಣ್ಣ ಸಣ್ಣ ವರ್ಕ್‌ಶಾಪು, ತಗಡು ಕೊಯ್ಯುವ ಸದ್ದು, ನೆಲದ ತುಂಬ ಎಣ್ಣೆ ಕಲೆ. ಅದರ ನಡುವೆ ಹಳೆಯ ಕಟ್ಟಡದ ಗೋಡೆ, ಅದರಿಂದ ಅರಳಿ ಗಿಡ ಹೊರಗೆ ಬಂದಿದೆ. ಜಾರು ಸರಿ ಮಾಡುವ ಹುಡುಗನಿಗೆ ಇಲ್ಲಿ ಏನಿತ್ತು ಗೊತ್ತಾ ಅಂತ ಕೇಳಿದೆ. ಪಿಕ್ಚರ್ ಕಾ ಕಾರ್ಖಾನಾ ಥಾ, ಅಂದ. ಸಿನಿಮಾದ ಫ್ಯಾಕ್ಟರಿ! ನನಗೆ ಆ ಮಾತು ಇಷ್ಟವಾಯಿತು. ಎಲ್ಲಿ ಉಯ್ಯಾಲೆ ಕಟ್ಟಿದ್ದರೋ ಏನೋ ಅಂತ ಸುಮ್ನೆ ಐದು ನಿಮಿಷ ನಿಂತಿದ್ದೆ, ಆಮೇಲೆ ಟೆಂಪೋದವನು ಹಾರ್ನ್ ಹೊಡೆದ.

ಕೊನೆಗೆ ಏನಾದರು ಆಕೆ? ಅದನ್ನು ಯಾರೂ ಬರೆದಿಲ್ಲ. ಅತ್ತೆ ಕೇಳುತ್ತಿದ್ದಾರೆ.


ಉತ್ತರ: ಲಾ ಕಾಲೇಜ್ ರಸ್ತೆ, ಪುಣೆ

1987ರವರೆಗೂ ಸಿನಿಮಾ ಮಾಡಿದರು, ಕೊನೆಯದು ದಿಲ್ ತುಝಕೋ ದಿಯಾ. ಆಮೇಲೆ ಮಕ್ಕಳ ಹತ್ತಿರ ಅಂತ ಅಮೆರಿಕಾಗೆ ಹೋದರು. 2003ರ ಜುಲೈ 14ರಂದು ಕನೆಕ್ಟಿಕಟ್‌ನ ಡ್ಯಾನ್‌ಬರಿ ಅನ್ನುವ ಊರಿನ ನರ್ಸಿಂಗ್ ಹೋಮಿನಲ್ಲಿ ತೀರಿಕೊಂಡರು, 93 ವರ್ಷ. ದೇವಿಕಾರಾಣಿ ರಷ್ಯಾದ ಚಿತ್ರಕಾರ ರೋರಿಕ್ ಅವರನ್ನು ಮದುವೆಯಾಗಿ ಕೊನೆಗೆ ಬೆಂಗಳೂರಿಗೆ ಬಂದು ನೆಲೆಸಿದರು, ಧಾರವಾಡದ ಲೀಲಾ ಅಷ್ಟು ದೂರ ಹೋದರು. ಮರಾಠಿ ಓದುವವರು ಮನೆಯಲ್ಲಿದ್ದರೆ ಚಂದೇರಿ ದುನಿಯೇತ್ ಹುಡುಕಿ, ಹಳೆಯ ಪುಸ್ತಕದ ಅಂಗಡಿಗಳಲ್ಲಿ ಕೇಳಬೇಕು.

ಯೂಟ್ಯೂಬಿನಲ್ಲಿ ಝೂಲಾ ಹುಡುಕಿ ನೋಡಿ. ಪ್ರಿಂಟು ಮಸುಕಾಗಿದ್ದರೂ ಕಣ್ಣು ಕಾಣುತ್ತದೆ.


ಉತ್ತರ: ಮಲಾಡ್ ಸೊಸೆ

ಅತ್ತೆಗೆ ಹೇಳಿದೆ. ಅಮೆರಿಕಾ ಅಂದಾಗ "ಅಷ್ಟ ದೂರ?" ಅಂದರು. ಅವರ ದೊಡ್ಡ ಮಗ ಅಲ್ಲೇ ಇರೋದು, ಬಾ ಬಾ ಅಂತ ಎಷ್ಟೋ ವರ್ಷದಿಂದ ಕರೆಯುತ್ತಿದ್ದಾರೆ, ಇವರು ಹೋಗಿಲ್ಲ. ಆಮೇಲೆ ಅದರ ಮಾತು ಬೇಡ ಅನ್ನಿಸಿತೋ ಏನೋ, ಎದ್ದು ಹೋಗಿ ಚಹಾಕ್ಕೆ ಇಟ್ಟರು.

ಶನಿವಾರ ರಾತ್ರಿ ಝೂಲಾ ಹಾಕುತ್ತಿದ್ದೇವೆ. ಟೀವಿಗೆ ಮೊಬೈಲ್ ಜೋಡಿಸುವ ಕೆಲಸ ಗಂಡನಿಗೆ, ಅದು ಅವರಿಗೆ ಶಿಕ್ಷೆ. ಅತ್ತೆಯದು ಈಗಲೇ ಒಂದು ಶರತ್ತು ಬಂದಿದೆ: "ಅದ್ರಾಗ ಆಕಿ ಅಳೂದಿದ್ರ ನನ್ನ ಎಬ್ಬಸಬ್ಯಾಡ."